ನೀರು ಹುಡುಕಿ ಹೊರಟ ಅಚ್ಚುಗಳು



ನಮ್ಮ ಕನ್ನಡ ಸಮಯದಲ್ಲಿ ಕೈಮಗ್ಗದ ಸೀರೆಗಳ ಬಗ್ಗೆ ಮಾತಾಡಿದ ಮರುವಾರ ಮುಲುಂಡ್‌ನಿಂದ ಒಬ್ಬ ತಾಯಿ ಫೋನ್ ಮಾಡಿದ್ದರು. "ವಸ್ತುಪ್ರದರ್ಶನದಲ್ಲಿ ಅಜ್ರಖ್ ಸೀರೆ ನೋಡಿದೆನಮ್ಮಾ. ಬೆಲೆ ಕೇಳಿ ಕೈ ಹಿಂದಕ್ಕೆ ತೆಗೆದೆ. ಅದೇ ಚಿತ್ತಾರ, ಅದೇ ಬಣ್ಣ ಸ್ಟೇಷನ್ ಪಕ್ಕದ ಅಂಗಡಿಯಲ್ಲಿ ಕಾಲು ಬೆಲೆಗೆ ಸಿಗ್ತದೆ. ಅವರು ಮೋಸ ಮಾಡ್ತಾರೋ, ನಮಗೇ ತಿಳಿಯೋದಿಲ್ಲವೋ?" ಎಂದು ಕೇಳಿದರು. ಎರಡು ನಿಮಿಷದ ಫೋನಿನಲ್ಲಿ ಉತ್ತರ ಹೇಳಲಾಗಲಿಲ್ಲ. ಆ ಬೆಲೆಯ ಹಿಂದೆ ನಾಲ್ಕು ನೂರು ವರ್ಷಗಳ ಕಥೆಯಿದೆ. ಅದನ್ನು ಇಲ್ಲಿ ಹೇಳುತ್ತೇನೆ.

ಕಡು ನೀಲಿ, ಮಂಜಿಷ್ಠದ ಕೆಂಪು, ನಡುವೆ ಕಪ್ಪು ಬಿಳಿ ಗೆರೆಗಳ ನಕ್ಷತ್ರ ಮತ್ತು ಚಕ್ರಗಳು. ಇದು ಅಜ್ರಖ್. ನೀಲಿ ಎಂಬರ್ಥದ ಅರಬ್ಬಿ ಪದದಿಂದ ಈ ಹೆಸರು ಬಂತೆಂದು ಕೆಲವರು ಹೇಳುತ್ತಾರೆ. "ಆಜ್ ರಖ್", ಅಂದರೆ "ಇವತ್ತು ಹಾಗೇ ಇಡು" ಎಂಬುದೇ ಮೂಲವೆಂದು ಕುಶಲಕರ್ಮಿಗಳು ನಗುತ್ತಾ ಹೇಳುವುದುಂಟು. ಇದರ ಕೆಲಸ ನೋಡಿದವರಿಗೆ ಎರಡನೆಯದೇ ಸರಿ ಎನಿಸುತ್ತದೆ. ಇಲ್ಲಿ ಪ್ರತಿ ಹಂತದಲ್ಲೂ ಬಟ್ಟೆಯನ್ನು ಸುಮ್ಮನೆ ಬಿಟ್ಟು ಕಾಯಬೇಕು.

ಈ ಕೆಲಸ ಮಾಡುವವರು ಖತ್ರಿ ಸಮುದಾಯದವರು. ಇವರ ಹಿರಿಯರು ಹದಿನಾರನೆಯ ಶತಮಾನದಲ್ಲಿ ಸಿಂಧ್‌ನಿಂದ ಕಚ್ಛ್‌ಗೆ ಬಂದರು. ಕಚ್ಛ್‌ನ ಅರಸ ರಾವ್ ಭಾರಮಲ್ಲಜೀ ಕರೆಸಿದನೆಂದು ಸಮುದಾಯದವರ ನೆನಪು. ಇಷ್ಟ ಬಂದ ಕಡೆ ನೆಲೆಸಿ ಎಂದಾಗ ಅವರು ಅರಮನೆಯ ಸಮೀಪವನ್ನು ಆರಿಸಲಿಲ್ಲ. ಸಾರನ್ ನದಿಯ ದಡದ ಧಮಡ್ಕಾ ಎಂಬ ಹಳ್ಳಿಯನ್ನು ಆರಿಸಿಕೊಂಡರು. ಹರಿಯುವ ನೀರಿಲ್ಲದೆ ಅವರ ಕಸುಬು ನಡೆಯುವಂತಿರಲಿಲ್ಲ.

ಗುಜರಾತಿನ ಅಚ್ಚಿನ ಬಟ್ಟೆಯ ವ್ಯಾಪಾರ ಇದಕ್ಕಿಂತಲೂ ಬಹಳ ಹಳೆಯದು. ಈಜಿಪ್ಟಿನ ಹಳೆಯ ಕೈರೋ, ಅಂದರೆ ಫುಸ್ತಾತ್‌ನಲ್ಲಿ ಅಚ್ಚೊತ್ತಿದ ಭಾರತೀಯ ಹತ್ತಿಬಟ್ಟೆಯ ತುಂಡುಗಳು ರಾಶಿಯಾಗಿ ಸಿಕ್ಕಿವೆ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿರುವ ಆಶ್ಮೋಲಿಯನ್ ವಸ್ತುಸಂಗ್ರಹಾಲಯವೊಂದರಲ್ಲೇ ಇಂಥ ಸಾವಿರಕ್ಕೂ ಹೆಚ್ಚು ತುಂಡುಗಳಿವೆ. ಅವುಗಳಲ್ಲಿ ಕೆಲವು ಸಾವಿರ ವರ್ಷದಷ್ಟು ಹಳೆಯವು. ನಮ್ಮ ಕಡಲ ವ್ಯಾಪಾರಿಗಳು ಮೆಣಸು, ಏಲಕ್ಕಿ ಸಾಗಿಸಿದ ದಾರಿಯಲ್ಲೇ ಈ ಬಟ್ಟೆಗಳೂ ಹೋಗಿವೆ.

ಈಗ ಕೆಲಸದ ಬಗೆ ನೋಡೋಣ. ಬಿಳಿ ಬಟ್ಟೆಯನ್ನು ಮೊದಲು ಒಗೆದು, ಹರಳೆಣ್ಣೆ, ಸೋಡಾ, ಒಂಟೆಯ ಲದ್ದಿ ಕಲಸಿದ ನೀರಿನಲ್ಲಿ ನೆನೆಸಿ ಒಣಗಿಸಿ ಹದ ಮಾಡುತ್ತಾರೆ. ಬಳಿಕ ಅಳಲೆಕಾಯಿಯ ನೀರಿನಲ್ಲಿ ಅದ್ದುತ್ತಾರೆ. ನಮ್ಮಜ್ಜಿಯರು ಕೆಮ್ಮಿಗೆ ತೇದು ಕೊಡುತ್ತಿದ್ದ ಅದೇ ಅಳಲೆಕಾಯಿ. ಅದರ ಒಗರು ಬಟ್ಟೆಯೊಳಗೆ ಇಳಿದರೆ ಮಾತ್ರ ಮುಂದಿನ ಬಣ್ಣ ಕಚ್ಚಿಕೊಳ್ಳುತ್ತದೆ. ಆಮೇಲೆ ತೇಗದ ಮರದ ಅಚ್ಚುಗಳ ಸರದಿ. ಗಾಂಧಿನಗರದ ಬಳಿಯ ಪೇಥಾಪುರ ಇಂಥ ಅಚ್ಚು ಕೆತ್ತುವವರಿಗೆ ಹೆಸರಾದ ಊರು. ಸುಣ್ಣ ಮತ್ತು ಗೋಂದು ಕಲಸಿ, ಬಿಳಿಯಾಗಿ ಉಳಿಯಬೇಕಾದ ಗೆರೆಗಳನ್ನು ಮೊದಲು ಒತ್ತುತ್ತಾರೆ. ತುಕ್ಕು ಹಿಡಿದ ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ದಿನಗಟ್ಟಲೆ ಕೊಳೆಸಿ, ಹುಣಸೆ ಬೀಜದ ಪುಡಿ ಹಾಕಿ ಗಟ್ಟಿ ಮಾಡಿ ಒತ್ತಿದರೆ ಕಪ್ಪು ಗೆರೆ. ಕೆಂಪು ಬರಬೇಕಾದಲ್ಲಿ ಪಟಿಕ ಬೆರೆಸಿದ ಮಣ್ಣಿನ ಹದ. ಇಷ್ಟಾದ ಮೇಲೆ ಬಟ್ಟೆ ನೀಲಿಯ ತೊಟ್ಟಿಗಿಳಿಯುತ್ತದೆ. ಹೊರಗೆ ಬಂದಾಗ ಹಸಿರಾಗಿದ್ದು, ಗಾಳಿ ತಾಗುತ್ತಿದ್ದಂತೆ ಕಣ್ಣೆದುರೇ ನೀಲಿಯಾಗುತ್ತದೆ. ಮತ್ತೆ ಒಗೆದು, ಮಂಜಿಷ್ಠದ ಬೇರು ಹಾಕಿದ ತಾಮ್ರದ ಹಂಡೆಯಲ್ಲಿ ಕುದಿಸಿದರೆ ಪಟಿಕ ಇದ್ದಲ್ಲಿ ಮಾತ್ರ ಕೆಂಪು ಏಳುತ್ತದೆ. ಒಟ್ಟು ಹದಿನಾಲ್ಕರಿಂದ ಹದಿನಾರು ಹಂತಗಳು. ಹಂತಹಂತಕ್ಕೂ ಒಗೆತ, ಒಗೆತಕ್ಕೂ ನೀರು. ಕುಶಲಕರ್ಮಿಯ ಅತಿ ದೊಡ್ಡ ಸಾಮಗ್ರಿ ಈ ನೀರೇ.

ಹಳೆಯ ಕಾಲದಲ್ಲಿ ಇದನ್ನು ಉಡುತ್ತಿದ್ದವರು ಶ್ರೀಮಂತರಲ್ಲ. ಕಚ್ಛ್‌ನ ದನಗಾಹಿ ಮಾಲ್ಧಾರಿಗಳು. ಲುಂಗಿ, ರುಮಾಲು, ಹೆಗಲ ಮೇಲಿನ ಶಾಲು, ಮಗುವಿನ ತೊಟ್ಟಿಲು ಎಲ್ಲಕ್ಕೂ ಅಜ್ರಖ್. ಬೆಳಕು ಹರಿಯುವ ಮೊದಲೇ ದನ ಬಿಡಲು ಹೊರಡುವವರು ಕತ್ತಲಲ್ಲಿ ಯಾವ ಮಗ್ಗುಲು ಉಟ್ಟರೂ ಸರಿಯಿರಲೆಂದು ಎರಡೂ ಕಡೆ ಅಚ್ಚು ಹಾಕುತ್ತಿದ್ದರಂತೆ. ಗಿರಾಕಿ ಮತ್ತು ಕುಶಲಕರ್ಮಿ ನಡುವೆ ತಲೆಮಾರುಗಳ ನಂಟಿತ್ತು. ಅಪ್ಪನಿಗೆ ಬಟ್ಟೆ ಕೊಟ್ಟ ಮನೆಯವರೇ ಮಗನಿಗೂ ಕೊಡಬೇಕು. ಜಾಹೀರಾತು ಬೇಕಿರಲಿಲ್ಲ, ಉದ್ರಿಗೆ ಹೆದರಬೇಕಿರಲಿಲ್ಲ.

ಈ ನಂಟಿಗೆ ಮೊದಲ ಪೆಟ್ಟು ಬಿದ್ದದ್ದು ದೂರದ ಜರ್ಮನಿಯ ಪ್ರಯೋಗಾಲಯಗಳಿಂದ. ಮಂಜಿಷ್ಠದ ಕೆಂಪನ್ನು ಅಲಿಜರಿನ್ ಎಂಬ ಹೆಸರಿನಲ್ಲಿ 1868ರಲ್ಲಿ ಅಲ್ಲಿ ಕೃತಕವಾಗಿ ತಯಾರಿಸಿದರು. 1897ರಲ್ಲಿ ಕೃತಕ ನೀಲಿಯೂ ಮಾರುಕಟ್ಟೆಗೆ ಬಂತು. ತಿಂಗಳ ಕೆಲಸ ದಿನಗಳಲ್ಲಿ ಮುಗಿಯತೊಡಗಿತು. ಇಪ್ಪತ್ತನೆಯ ಶತಮಾನದ ಮಧ್ಯಕ್ಕೆ ಧಮಡ್ಕಾದಲ್ಲೂ ರಾಸಾಯನಿಕ ಬಣ್ಣಗಳೇ ಆಳುತ್ತಿದ್ದವು. ಮುಂದೆ ಗಿರಣಿಯ ಅಗ್ಗದ ಪಾಲಿಯೆಸ್ಟರ್ ಬಟ್ಟೆ ಬಂದಾಗ ಮಾಲ್ಧಾರಿಗಳೂ ಅದಕ್ಕೆ ಹೊರಳಿದರು. ಅವರನ್ನು ದೂಷಿಸುವಂತಿಲ್ಲ. ಬಡವನಿಗೆ ಬೆಲೆ ಮುಖ್ಯ.

ಈ ಹೊತ್ತಿನಲ್ಲಿ ಧಮಡ್ಕಾದ ಮೊಹಮ್ಮದ್ ಸಿದ್ದಿಕ್ ಖತ್ರಿ ಹಿರಿಯರ ಸಸ್ಯಬಣ್ಣಗಳ ವಿದ್ಯೆಯನ್ನು ಮತ್ತೆ ಕೈಗೆತ್ತಿಕೊಂಡರು. ತಮ್ಮ ಮೂವರು ಗಂಡುಮಕ್ಕಳಿಗೂ ಕಲಿಸಿದರು. ಊರವರು ಅಗ್ಗದ ಕಡೆ ಓಡುತ್ತಿದ್ದಾಗ ಇವರು ನಿಧಾನದ ಕಡೆ ತಿರುಗಿದ್ದು ಹುಚ್ಚಾಟವೆಂದೇ ಕಂಡಿರಬೇಕು. ಆದರೆ 1970ರ ದಶಕದಲ್ಲಿ ಗುಜರಾತ್ ಸರ್ಕಾರದ ಕರಕುಶಲ ನಿಗಮದವರು ತಮ್ಮ ಗುರ್ಜರಿ ಮಳಿಗೆಗಳಿಗಾಗಿ ಹಳ್ಳಿಹಳ್ಳಿ ಸುತ್ತುತ್ತಾ ಧಮಡ್ಕಾಕ್ಕೂ ಬಂದರು. ಅಲ್ಲಿಗೆ ಹೊಸ ಗಿರಾಕಿ ಸಿಕ್ಕಿದ. ಆ ಗಿರಾಕಿ ನಗರದವನು.

ನಗರದಲ್ಲಿ ಇಂಥ ಮಾರುಕಟ್ಟೆ ತಾನಾಗಿ ಹುಟ್ಟಲಿಲ್ಲ. ಅದರ ಹಿಂದೆ ನಮ್ಮ ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರ ಶ್ರಮವಿದೆ. 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯ ಮುಂದಾಳಾಗಿ ಅವರು ದೇಶದ ಮೂಲೆಮೂಲೆಯ ಕಸುಬುದಾರರನ್ನು ನಗರದ ಕೊಳ್ಳುಗರಿಗೆ ಪರಿಚಯಿಸುವ ವ್ಯವಸ್ಥೆ ಕಟ್ಟಿದರು. ಎಂಪೋರಿಯಂಗಳಲ್ಲಿ ಖುಷಿಯಿಂದ ಸುತ್ತಾಡುವಾಗ ಆ ಕರಾವಳಿಯ ಹೆಣ್ಣುಮಗಳನ್ನು ನಾವು ನೆನೆಯಬೇಕು.

ಗಿರಾಕಿ ಸಿಕ್ಕಿದ, ನೀರು ಕೈಬಿಟ್ಟಿತು. ಕಚ್ಛ್‌ಗೆ ಇದು ಹೊಸದೇನಲ್ಲ. 1819ರ ಜೂನ್ 16ರ ಭೂಕಂಪದಲ್ಲಿ ರಣ್ ಪ್ರದೇಶದ ನೆಲವೇ ದಿಬ್ಬವಾಗಿ ಎದ್ದು ಸಿಂಧೂ ನದಿಯ ಕವಲಿಗೆ ಅಡ್ಡ ನಿಂತಿತ್ತು. ಜನ ಅದನ್ನು ಅಲ್ಲಾಹ್ ಬಂಡ್, ದೇವರು ಕಟ್ಟಿದ ಒಡ್ಡು ಎಂದರು. ಸಾರನ್ ನದಿಗೆ ಹಾಗೇನೂ ಆಗಲಿಲ್ಲ. ಅದು ವರ್ಷವರ್ಷ ಸೊರಗುತ್ತಾ 1980ರ ದಶಕದ ಕೊನೆಗೆ ಬತ್ತಿಹೋಯಿತು. ಖತ್ರಿಗಳು ಬಾವಿ ತೋಡಿದರು, ಪಂಪ್ ಇಟ್ಟರು. ಅಂತರ್ಜಲ ಕೆಳಕೆಳಗೆ ಇಳಿಯಿತು.

2001ರ ಜನವರಿ 26, ಶುಕ್ರವಾರ. ದೇಶ ಗಣರಾಜ್ಯೋತ್ಸವದ ಸಂಭ್ರಮದಲ್ಲಿದ್ದಾಗ ಬೆಳಿಗ್ಗೆ 8.46ಕ್ಕೆ ಕಚ್ಛ್ ನಡುಗಿತು. ಅಧಿಕೃತ ಲೆಕ್ಕದಲ್ಲೇ 13 ಸಾವಿರಕ್ಕೂ ಹೆಚ್ಚು ಜನ ಸತ್ತರು. ಧಮಡ್ಕಾದ ಮನೆಗಳು ನೆಲಸಮವಾದವು. ಮನೆ ಮತ್ತೆ ಕಟ್ಟಬಹುದಿತ್ತು. ಆದರೆ ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚಿತ್ತು. ಅಚ್ಚಿನ ಕಪ್ಪು ಗೆರೆಗೆ ಕಬ್ಬಿಣ ಬೇಕು ಎಂದೆನಲ್ಲ, ಅದೇ ಕಬ್ಬಿಣ ಒಗೆಯುವ ನೀರಿನಲ್ಲಿ ಸೇರಿದರೆ ಅಳಲೆಕಾಯಿಯ ಒಗರಿನೊಡನೆ ಕೂಡಿ ಇಡೀ ಬಟ್ಟೆ ಮಂಕಾಗುತ್ತದೆ. ಕೆಂಪು ಕೆಂಪಾಗಿ ಉಳಿಯುವುದಿಲ್ಲ. ಕಪ್ಪು ಕೊಡುತ್ತಿದ್ದ ವಸ್ತುವೇ ಕಸುಬಿಗೆ ಕುತ್ತಾಯಿತು.

ಆಗ ಹಲವು ಕುಟುಂಬಗಳು ಒಂದು ಕಠಿಣ ತೀರ್ಮಾನ ಮಾಡಿದವು. ಸಿದ್ದಿಕರ ಮಗ ಇಸ್ಮಾಯಿಲ್ ಮೊಹಮ್ಮದ್ ಖತ್ರಿ ಮೊದಲಾದವರ ಮುಂದಾಳತ್ವದಲ್ಲಿ ಒಳ್ಳೆಯ ನೀರಿರುವ ಜಾಗ ಹುಡುಕಿ, ಭುಜ್‌ನಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿ ಹೊಸ ಊರು ಕಟ್ಟಿದರು. ಅದಕ್ಕೆ ಕಸುಬಿನ ಹೆಸರನ್ನೇ ಇಟ್ಟರು. ಅಜ್ರಖ್‌ಪುರ! ಇನ್ನು ಕೆಲವು ಕುಟುಂಬಗಳು ಧಮಡ್ಕಾ ಬಿಡಲಿಲ್ಲ, ಅಲ್ಲೇ ಮತ್ತೆ ಕೆಲಸ ಹೂಡಿದವು. 2003ರಲ್ಲಿ ಇಂಗ್ಲೆಂಡಿನ ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾಲಯ ಇಸ್ಮಾಯಿಲ್ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 2024ರಲ್ಲಿ ಕಚ್ಛ್ ಅಜ್ರಖ್‌ಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು.

ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮಗೆ ಇದು ಅರ್ಥವಾಗದ ಮಾತಲ್ಲ. ನಮ್ಮವರು ಬಂದಾಗ ಅಡುಗೆಯ ಕೈರುಚಿ ತಂದರು, ಉಡುಪಿ ಹೋಟೆಲು ನಡೆಸಿದರು. ಖತ್ರಿಗಳು ಅಚ್ಚು ಹೊತ್ತು ತಂದರು. ನದಿಯನ್ನು ಮಾತ್ರ ಯಾರೂ ಹೊತ್ತು ತರಲಾಗುವುದಿಲ್ಲ. ಹೊಸ ಊರಿನಲ್ಲೂ ನೀರು ನೆಲದಡಿಯಿಂದಲೇ ಬರಬೇಕು. ಒಗೆದ ನೀರನ್ನು ಶುದ್ಧ ಮಾಡಿ ಮತ್ತೆ ಬಳಸದಿದ್ದರೆ ಇನ್ನೊಂದು ತಲೆಮಾರು ಇನ್ನೊಂದು ಊರು ಹುಡುಕಬೇಕಾದೀತು.

ಈಗ ಮುಲುಂಡ್‌ನ ಅಮ್ಮನಿಗೆ ಉತ್ತರ. ಸ್ಟೇಷನ್ ಪಕ್ಕದ ಬಟ್ಟೆ ಬಹುಮಟ್ಟಿಗೆ ಸ್ಕ್ರೀನಿನಲ್ಲೋ ಯಂತ್ರದಲ್ಲೋ ಒಂದೇ ದಿನಕ್ಕೆ ಮುಗಿದದ್ದು. ಅದನ್ನು ಕೊಳ್ಳುವುದು ತಪ್ಪಲ್ಲ, ಅಜ್ರಖ್ ಎಂದು ಮಾರುವುದು ತಪ್ಪು. ಕೈಕೆಲಸದವನ ಬಂಡವಾಳ ಒಂದೊಂದು ಸೀರೆಯಲ್ಲೂ ವಾರಗಟ್ಟಲೆ ಸಿಕ್ಕಿಬಿದ್ದಿರುತ್ತದೆ. ಮಳೆ ಹಿಡಿದರೆ ಬಟ್ಟೆ ಒಣಗದು, ಕೂಲಿ ನಿಲ್ಲದು. ಮುಂದಿನ ಸಲ ಪ್ರದರ್ಶನದಲ್ಲಿ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ. ಒಂದು ಅಚ್ಚು ಇನ್ನೊಂದನ್ನು ಸೇರುವಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆ ಕಂಡರೆ ಅದು ಕೈಯ ಗುರುತು. ಕೆಂಪಿಗೆ ಮಂಜಿಷ್ಠವೋ ಅಲಿಜರಿನೋ ಎಂದು ಸಂಕೋಚವಿಲ್ಲದೆ ಕೇಳಿ. ಕೆಲಸ ಬಲ್ಲವನು ಬೇಸರಪಡದೆ ಉತ್ತರಿಸುತ್ತಾನೆ. ಬೆಲೆ ನಿಮಗೆ ಹೊಂದದಿದ್ದರೆ ಸೀರೆಯ ಬದಲು ಒಂದು ಚಿಕ್ಕ ದುಪಟ್ಟಾ ಕೊಂಡರೂ ಸರಿಯೇ. ಮಾಲ್ಧಾರಿ ಬಿಟ್ಟುಹೋದ ಗಿರಾಕಿಯ ಜಾಗದಲ್ಲಿ ಈಗ ನಿಂತಿರುವವರು ನಾವೇ ಅಲ್ಲವೇ?

ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಇಂಥ ಹಳೆಯ ಅಚ್ಚಿನ ಬಟ್ಟೆಯಿದ್ದರೆ ಅದರ ಕಥೆ ನಮಗೆ ಬರೆದು ತಿಳಿಸಿ. ಕಾರ್ಯಕ್ರಮದಲ್ಲಿ ಓದೋಣ.