ಬಿದಿಗೆಯ ಚಂದ್ರದರ್ಶನ (ಕೊಪ್ಪಳ ಜಿಲ್ಲೆ)

ಅಮಾವಾಸ್ಯೆ ಕಳೆದ ಬಳಿಕ ಪಡುವಣ ಬಾನಿನಲ್ಲಿ ಮೊದಲು ಕಾಣುವ ಎಳೆಚಂದ್ರನನ್ನು ನೋಡಿ ಕೈಮುಗಿಯುವುದೇ ಬಿದಿಗೆಯ ಚಂದ್ರದರ್ಶನ. ಪ್ರತಿ ಶುಕ್ಲಪಕ್ಷದ ಆರಂಭದಲ್ಲೂ ಈ ಚಂದ್ರ ಕಾಣುತ್ತಾನೆ. ಆದರೂ ಕನ್ನಡ ನಾಡಿನಲ್ಲಿ ಹೆಚ್ಚಿನ ಮಹತ್ವವಿರುವುದು ಯುಗಾದಿಯ ಚಂದ್ರನಿಗೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಜನ ಇವನನ್ನು ಚಂದ್ರಾಮ ಎನ್ನುತ್ತಾರೆ. ಹೊಸ ವರ್ಷದ ಚಂದ್ರಾಮನ ಕೊಂಬು ಯಾವ ಕಡೆ ವಾಲಿದೆ ಎಂದು ನೋಡಿ ಮಳೆ, ಬೆಳೆ, ಧಾರಣೆಗಳ ಮಾತಾಡುವುದು ಇಲ್ಲಿನ ಒಕ್ಕಲುತನದ ಹಳೆಯ ರೂಢಿ.

ತಿಥಿ ಮತ್ತು ದರ್ಶನ

ಹಿಂದೂ ಚಾಂದ್ರಮಾನದಲ್ಲಿ ತಿಂಗಳ ಆರಂಭ ಚಂದ್ರ ಕಣ್ಣಿಗೆ ಬೀಳುವುದನ್ನು ಅವಲಂಬಿಸಿಲ್ಲ. ಸೂರ್ಯ ಮತ್ತು ಚಂದ್ರರ ನಡುವಿನ ಅಂತರ 12 ಅಂಶ ಬೆಳೆದಾಗ ಒಂದು ತಿಥಿ ಮುಗಿಯುತ್ತದೆ. ಸೂರ್ಯೋದಯದ ಹೊತ್ತಿಗೆ ಯಾವ ತಿಥಿ ಇದೆಯೋ ಅದು ಆ ದಿನದ ತಿಥಿ. ಹೀಗಾಗಿ ಯುಗಾದಿ ಯಾವ ದಿನ ಎನ್ನುವುದು ಪಂಚಾಂಗದಲ್ಲಿ ಮೊದಲೇ ಗೊತ್ತಾಗಿರುತ್ತದೆ. ಲೆಕ್ಕದಲ್ಲಿ ಬಂದ ಹೊಸ ತಿಂಗಳನ್ನು ಕಣ್ಣಾರೆ ಕಂಡು ಒಪ್ಪಿಕೊಳ್ಳುವ ಸಂಸ್ಕಾರವೇ ಚಂದ್ರದರ್ಶನ.

ಸೂರ್ಯನಿಂದ ಸುಮಾರು 7 ಅಂಶಕ್ಕಿಂತ ಹತ್ತಿರವಿರುವಾಗ ಚಂದ್ರನ ಗೆರೆ ಬರಿಗಣ್ಣಿಗೆ ಕಾಣುವುದಿಲ್ಲ. ಭಾರತದ ಪ್ರಾಚೀನ ಖಗೋಳ ಗ್ರಂಥವಾದ ಸೂರ್ಯಸಿದ್ಧಾಂತ ಚಂದ್ರ ಕಾಣಲು ಬೇಕಾದ ಅಂತರವನ್ನು 12 ಅಂಶ ಎಂದು ಹೇಳುತ್ತದೆ. ಪಾಡ್ಯ ಮುಗಿದು ಬಿದಿಗೆ ಹುಟ್ಟುವುದೂ 12 ಅಂಶಕ್ಕೇ ಆದ್ದರಿಂದ ಎಳೆಚಂದ್ರನ ಹೆಸರು ಬಿದಿಗೆಯೊಂದಿಗೆ ಬೆಸೆದುಕೊಂಡಿದೆ. ಸಂಜೆಯ ಹೊತ್ತಿಗೆ ಪಾಡ್ಯ ಕಳೆದಿದ್ದರೆ ಯುಗಾದಿಯ ದಿನವೇ ಚಂದ್ರ ಕಾಣುತ್ತಾನೆ, ಇಲ್ಲದಿದ್ದರೆ ಸಾಮಾನ್ಯವಾಗಿ ಮರುದಿನ. 2025ರ ಮಾರ್ಚ್ 30ರ ಯುಗಾದಿಯಂದು ಮಧ್ಯಾಹ್ನವೇ ಬಿದಿಗೆ ಬಂದಿದ್ದರಿಂದ ಅಂದಿನ ಸಂಜೆಯೇ ದರ್ಶನವಾಯಿತು. 2024ರಲ್ಲಿ ಏಪ್ರಿಲ್ 9ರಂದು ಯುಗಾದಿ. ಹಿಂದಿನ ರಾತ್ರಿ ಸುಮಾರು 11 ಗಂಟೆ 50 ನಿಮಿಷದವರೆಗೂ ಅಮಾವಾಸ್ಯೆ ಇದ್ದುದರಿಂದ ಹಬ್ಬದ ಸಂಜೆ ಚಂದ್ರ ತೀರಾ ಎಳಸಾಗಿದ್ದ. ನಿಚ್ಚಳವಾಗಿ ಕಂಡದ್ದು ಮರುದಿನ.

ಆಚರಣೆ

ಯುಗಾದಿಯ ಬೆಳಿಗ್ಗೆ ಬೇವಿನೆಲೆ ಹಾಕಿದ ನೀರಿನಲ್ಲಿ ಎಣ್ಣೆಸ್ನಾನ, ಹೊಸ ಬಟ್ಟೆ, ಹೋಳಿಗೆಯ ಊಟ. ಉತ್ತರ ಕರ್ನಾಟಕದ ಈ ಭಾಗದಲ್ಲಿ ಬೇವು ಎಂದರೆ ಬರಿಯ ಎಲೆ ಮತ್ತು ಬೆಲ್ಲವಲ್ಲ. ಬೇವಿನ ಹೂ, ಬೆಲ್ಲ, ಮಾವಿನಕಾಯಿ, ಪುಟಾಣಿ ಹಿಟ್ಟು, ಕೊಬ್ಬರಿ ಕೂಡಿಸಿ ಮಾಡುವ ಕುಡಿಯುವ ಪದಾರ್ಥ. ಊರ ಗುಡಿಯಲ್ಲಿ ಪಂಚಾಂಗ ಓದಿಸಿ ವರ್ಷದ ಫಲ ಕೇಳುತ್ತಾರೆ.

ಸೂರ್ಯ ಮುಳುಗಿ ಇಪ್ಪತ್ತು, ಮೂವತ್ತು ನಿಮಿಷದ ನಂತರ ಪಡುವಣದಲ್ಲಿ ಚಂದ್ರನ ಹುಡುಕಾಟ ನಡೆಯುತ್ತದೆ. ಅವನು ಸೂರ್ಯನ ಹಿಂದೆಯೇ ಮುಳುಗುವುದರಿಂದ ಸಿಗುವ ಸಮಯ ಕಡಿಮೆ. ಜನ ಮಾಳಿಗೆ ಏರುತ್ತಾರೆ, ಇಲ್ಲವೆ ಊರ ಹೊರಗಿನ ಬಯಲಿಗೆ ಹೋಗುತ್ತಾರೆ. ಕುಷ್ಟಗಿ ಮತ್ತು ಯಲಬುರ್ಗಾದ ಬಯಲು ಹೊಲಗಳಲ್ಲಿ ಬಾನಂಚು ತೆರೆದಿರುತ್ತದೆ. ಆನೆಗೊಂದಿ, ಅಂಜನಾದ್ರಿಯ ಸುತ್ತಲಿನ ಗಂಗಾವತಿ ಸೀಮೆಯಲ್ಲಿ ಬಂಡೆಗುಡ್ಡಗಳು ಪಡುವಣವನ್ನು ಮರೆಮಾಡುವ ಕಡೆ ಎತ್ತರದ ಜಾಗ ಬೇಕಾಗುತ್ತದೆ.

ಕಂಡವರು ಇತರರಿಗೆ ಬೆರಳು ಮಾಡಿ ತೋರಿಸುತ್ತಾರೆ. ಎಲ್ಲರೂ ಕೈಮುಗಿದ ಮೇಲೆ ಕಿರಿಯರು ಹಿರಿಯರ ಪಾದ ಮುಟ್ಟಿ ಆಶೀರ್ವಾದ ಪಡೆಯುತ್ತಾರೆ. ಉಟ್ಟ ಬಟ್ಟೆಯಿಂದ ನೂಲಿನ ಎಳೆಯೊಂದನ್ನು ತೆಗೆದು ಚಂದ್ರನಿಗೆ ಅರ್ಪಿಸುವ ಪದ್ಧತಿ ಕನ್ನಡ ಮತ್ತು ತೆಲುಗು ನಾಡುಗಳೆರಡರಲ್ಲೂ ಇದೆ. ವರ್ಷವಿಡೀ ಉಡಲು ಬಟ್ಟೆಗೆ ಕೊರತೆಯಾಗದಿರಲಿ ಎನ್ನುವುದು ಅದರ ಹಿಂದಿನ ಬೇಡಿಕೆ. ಶಿವನ ಜಡೆಯಲ್ಲಿರುವವನೂ ಇದೇ ಎಳೆಚಂದ್ರ. ದಕ್ಷನ ಶಾಪದಿಂದ ಕ್ಷಯಿಸುತ್ತಿದ್ದ ಚಂದ್ರನನ್ನು ಶಿವ ಕಾಪಾಡಿದ ಎಂಬ ಪುರಾಣಕಥೆ ದರ್ಶನಕ್ಕೆ ಭಕ್ತಿಯ ಆಧಾರ ಕೊಟ್ಟಿದೆ.

ಇದಕ್ಕೆ ವಿರುದ್ಧವಾದ ಕಟ್ಟಳೆ ಭಾದ್ರಪದ ಶುದ್ಧ ಚೌತಿಯದು. ಆ ದಿನ ಚಂದ್ರನನ್ನು ನೋಡಿದರೆ ಸುಳ್ಳು ಅಪವಾದ ಬರುತ್ತದೆಂದು ನಂಬಿಕೆ. ಅಕಸ್ಮಾತ್ ಕಂಡರೆ ಕೃಷ್ಣನ ಮೇಲೆ ಬಂದ ಕಳವಿನ ಅಪವಾದದ, ಅಂದರೆ ಶಮಂತಕ ಮಣಿಯ ಕಥೆ ಕೇಳುತ್ತಾರೆ. ಬಿದಿಗೆ ಎಂದಾಗಲೆಲ್ಲ ಎಳೆಚಂದ್ರನೂ ಅಲ್ಲ. ಕೊಪ್ಪಳದ ಗವಿಮಠದ ಮಹಾರಥೋತ್ಸವ ನಡೆಯುವುದೂ ಬಿದಿಗೆಯಂದೇ. ಆದರೆ ಅದು ಪುಷ್ಯ ಬಹುಳ ಬಿದಿಗೆ, ಹುಣ್ಣಿಮೆಯ ನಂತರದ್ದು. ಅಂದಿನದು ದೊಡ್ಡ ಚಂದ್ರ, ಸಂಜೆ ಕಳೆದು ಮೂಡಣದಲ್ಲಿ ಏಳುವವನು.

ಕೊಂಬಿನ ಫಲ

ಎಳೆಚಂದ್ರನ ಎರಡು ತುದಿಗಳಲ್ಲಿ ಯಾವುದು ಎತ್ತರ ಎಂಬುದಕ್ಕೆ ಶಾಸ್ತ್ರದಲ್ಲಿ ಶೃಂಗೋನ್ನತಿ ಎಂದು ಹೆಸರು. ಸೂರ್ಯಸಿದ್ಧಾಂತದಲ್ಲಿ ಇದರ ಗಣಿತಕ್ಕೇ ಒಂದು ಅಧ್ಯಾಯವಿದೆ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆ ಚಂದ್ರನ ಆಕಾರಗಳನ್ನು ದೋಣಿ, ನೇಗಿಲು, ದಂಡ, ಬಿಲ್ಲು ಮೊದಲಾಗಿ ವಿಂಗಡಿಸಿ ಒಂದೊಂದಕ್ಕೂ ಫಲ ಹೇಳುತ್ತದೆ. ಬಡಗಣ ಕೊಂಬು ಎತ್ತರವಿದ್ದರೆ ಶುಭ, ತೆಂಕಣ ಕೊಂಬು ಎತ್ತರವಿದ್ದರೆ ಅಶುಭ ಎನ್ನುವುದು ಅಲ್ಲಿನ ಸ್ಥೂಲ ನಿಲುವು. ಹಳ್ಳಿಗಳಲ್ಲಿ ಈ ಅರ್ಥ ಊರಿಂದೂರಿಗೆ ಬದಲಾಗುತ್ತದೆ. ಕೆಲವರು ಕೊಂಬಿನಿಂದ ಮುಂಗಾರು ಮತ್ತು ಹಿಂಗಾರಿನ ಬಲಾಬಲ ಹೇಳಿದರೆ ಕೆಲವರು ಕಾಳುಕಡಿಯ ಧಾರಣೆ ಹೇಳುತ್ತಾರೆ.

ಧಾರಣೆಗೆ ಪಂಚಾಂಗದಲ್ಲಿ ಬೇರೊಂದು ಸೂತ್ರವೂ ಇದೆ. ಚಂದ್ರ ಕಂಡ ದಿನದ ನಕ್ಷತ್ರ 15 ಮುಹೂರ್ತದ್ದಾದರೆ ಮಹರ್ಘ, ಅಂದರೆ ತುಟ್ಟಿ; 30ರದ್ದಾದರೆ ಸಾಮ್ಯಾರ್ಘ, ಅಂದರೆ ಸಮ; 45ರದ್ದಾದರೆ ಸಮರ್ಘ, ಅಂದರೆ ಅಗ್ಗ. ಭರಣಿ, ಆರ್ದ್ರಾ, ಆಶ್ಲೇಷಾ, ಸ್ವಾತಿ, ಜ್ಯೇಷ್ಠಾ, ಶತಭಿಷಾ ಮೊದಲ ಗುಂಪಿನವು. ರೋಹಿಣಿ, ಪುನರ್ವಸು, ಉತ್ತರಾ, ವಿಶಾಖಾ, ಉತ್ತರಾಷಾಢಾ, ಉತ್ತರಾಭಾದ್ರಾ ಕೊನೆಯ ಗುಂಪಿನವು. ಉಳಿದ ಹದಿನೈದು ನಡುವಿನವು. ಸೊಲ್ಲಾಪುರದ ದಾತೆ ಪಂಚಾಂಗದಂಥವು ಚಂದ್ರದರ್ಶನದ ಮುಂದೆ ಈ ಟಿಪ್ಪಣಿಯನ್ನು ಈಗಲೂ ಅಚ್ಚುಮಾಡುತ್ತವೆ.

ಗಂಗಾವತಿ ಭಾಗದ ಭತ್ತದ ಗದ್ದೆಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿದೆ. ಕುಷ್ಟಗಿ ಮತ್ತು ಯಲಬುರ್ಗಾದ ಒಣ ಬೇಸಾಯದಲ್ಲಿ ಸಜ್ಜೆ, ತೊಗರಿ, ಜೋಳ, ಕಡಲೆ ಬೆಳೆಯುವವರಿಗೆ ಬಾನೇ ಗತಿ. ಚಂದ್ರನ ಕೊಂಬಿನ ಮಾತಿಗೆ ಅಲ್ಲಿ ತೂಕ ಬಂದದ್ದು ಈ ಕಾರಣದಿಂದ. ಆದರೆ ಬಿತ್ತನೆಯ ದಿನಕ್ಕೆ ಇದೇ ರೈತರು ಚಂದ್ರನನ್ನು ನೆಚ್ಚುವುದಿಲ್ಲ. ರೋಹಿಣಿ ಮಳೆ, ಮೃಗಶಿರಾ ಮಳೆ ಎಂಬ ಲೆಕ್ಕ ಸೂರ್ಯ ಆಯಾ ನಕ್ಷತ್ರಕ್ಕೆ ಬರುವುದನ್ನು ಅನುಸರಿಸುತ್ತದೆ. ಹಬ್ಬಕ್ಕೆ ಚಂದ್ರ, ಬಿತ್ತಿಗೆ ಸೂರ್ಯ ಎಂಬ ಹಂಚಿಕೆ ಒಕ್ಕಲಿಗರ ಆಕಾಶಜ್ಞಾನದ ಗಟ್ಟಿತನವನ್ನು ತೋರಿಸುತ್ತದೆ.

ಕೊಂಬು ವಾಲುವುದೇಕೆ

ಚಂದ್ರನ ಬೆಳಗಿದ ಬದಿ ಯಾವಾಗಲೂ ಸೂರ್ಯ ಮುಳುಗಿದ ಕಡೆಗಿರುತ್ತದೆ. ಸುಮಾರು 15 ಅಂಶ ಉತ್ತರ ಅಕ್ಷಾಂಶದಲ್ಲಿರುವ ಕೊಪ್ಪಳದಲ್ಲಿ ಯುಗಾದಿಯ ಹೊತ್ತಿಗೆ ಸೂರ್ಯಪಥ, ಅಂದರೆ ಸೂರ್ಯ ವರ್ಷವಿಡೀ ನಕ್ಷತ್ರಗಳ ನಡುವೆ ಸಾಗುವ ದಾರಿ, ಬಾನಂಚಿನಿಂದ ಬಹುಮಟ್ಟಿಗೆ ನೆಟ್ಟಗೆ ಏಳುತ್ತದೆ. ಚಂದ್ರ ಸೂರ್ಯನ ನೇರ ಮೇಲಿರುವುದರಿಂದ ಎರಡು ಕೊಂಬುಗಳೂ ಹೆಚ್ಚುಕಡಿಮೆ ಸಮನಾಗಿ ದೋಣಿಯಾಕಾರ ಕಾಣುತ್ತದೆ. ಭಾದ್ರಪದ, ಆಶ್ವೀಜದ ಸಂಜೆ ಆ ಪಥ ತೆಂಕಣಕ್ಕೆ ಬಾಗುವುದರಿಂದ ಬಡಗಣ ಕೊಂಬು ಮೇಲೇರುತ್ತದೆ.

ಒಂದು ಯುಗಾದಿಯಿಂದ ಇನ್ನೊಂದಕ್ಕೆ ವಾಲು ಬದಲಾಗುವುದಕ್ಕೆ ಮುಖ್ಯ ಕಾರಣ ಚಂದ್ರನ ದಾರಿ ಸೂರ್ಯಪಥಕ್ಕೆ ಸುಮಾರು 5 ಅಂಶ ಓರೆಯಾಗಿರುವುದು. ಆ ಓರೆಯ ದಿಕ್ಕು 18.6 ವರ್ಷಕ್ಕೊಮ್ಮೆ ಒಂದು ಸುತ್ತು ಮುಗಿಸುತ್ತದೆ. ಒಂದೇ ಸಂಜೆ ಕುಷ್ಟಗಿಯಲ್ಲೂ ಮಂಡ್ಯದಲ್ಲೂ ಚಂದ್ರನ ವಾಲು ಬಹುತೇಕ ಒಂದೇ. ಆದರೆ ಆ ವರ್ಷದ ಮಳೆ ಎರಡು ಕಡೆಗೂ ಒಂದೇ ಆಗಿರುವುದಿಲ್ಲ.

ಹಂಚಿಕೊಂಡ ಚಂದ್ರ

ಮುಸ್ಲಿಮರ ತಿಂಗಳು ಆರಂಭವಾಗುವುದು ಸಾಮಾನ್ಯವಾಗಿ ಚಂದ್ರ ಕಂಡ ಮೇಲೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೂಗಳೂ ಕೂಡಿ ಮಾಡುವ ಮೊಹರಮ್ಮಿನ ಅಲಾಯಿ ಹಬ್ಬದಲ್ಲಿ, ಚಂದ್ರ ಕಂಡ ಬಳಿಕ ಅಲಾಯಿ ಕುಣಿಗೆ, ಅಂದರೆ ಬೆಂಕಿಯ ಗುಂಡಿಗೆ, ಗುದ್ದಲಿ ಹಾಕುತ್ತಾರೆ. ಸುಮಾರು 354 ದಿನಗಳ ಹಿಜರಿ ವರ್ಷಕ್ಕೆ ಅಧಿಕ ಮಾಸವಿಲ್ಲ. ಆದ್ದರಿಂದ ಅದರ ಹಬ್ಬಗಳು ಋತುಗಳಲ್ಲಿ ಹಿಂದೆ ಸರಿಯುತ್ತ ಸುಮಾರು 32, 33 ವರ್ಷಕ್ಕೊಮ್ಮೆ ಯುಗಾದಿಯ ಬಳಿಗೆ ಬರುತ್ತವೆ. 2023ರಲ್ಲಿ ಯುಗಾದಿಯ ಮರುಸಂಜೆ ಕಂಡ ಚಂದ್ರ ರಂಜಾನ್ ಉಪವಾಸದ ಆರಂಭಕ್ಕೆ ಕಾರಣನಾದ. 2024 ಮತ್ತು 2025ರಲ್ಲಿ ಯುಗಾದಿಯ ಚಂದ್ರನೇ ರಂಜಾನ್ ಹಬ್ಬದ ಚಂದ್ರನೂ ಆದ.

ಶಾಸನಗಳಲ್ಲಿ

ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿದ ಇಟಗಿಯ ಮಹಾದೇವ ದೇವಾಲಯ 1112ರದು. ಅದನ್ನು ಕಟ್ಟಿಸಿದವನು ಕಲ್ಯಾಣ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಆ ಅರಸ 1076ರಲ್ಲಿ ಆರಂಭಿಸಿದ ಚಾಲುಕ್ಯ ವಿಕ್ರಮ ಶಕೆಯ ಎಣಿಕೆ ಚೈತ್ರ ಶುದ್ಧ ಪಾಡ್ಯದಿಂದಲೇ, ಅಂದರೆ ಯುಗಾದಿಯಿಂದಲೇ. ದಾನಶಾಸನದ ಕಲ್ಲುಗಳ ನೆತ್ತಿಯಲ್ಲಿ ಸೂರ್ಯನ ಜೊತೆ ಕೆತ್ತಿರುವುದು ಬಿದಿಗೆಯ ಚಂದ್ರನನ್ನು. ಅವರಿಬ್ಬರೂ ಇರುವ ತನಕ ದಾನ ನಡೆಯಲಿ ಎಂಬುದು ಅದರ ಆಶಯ.

ಮೌಲ್ಯ

ಕೊಂಬಿನ ವಾಲಿಗೂ ಮಳೆಗೂ ವೈಜ್ಞಾನಿಕ ಸಂಬಂಧವಿಲ್ಲ. ಬಿತ್ತನೆಯ ನಿರ್ಧಾರಕ್ಕೆ ಹವಾಮಾನ ಇಲಾಖೆಯ ಮುನ್ಸೂಚನೆಯೇ ಆಧಾರವಾಗಬೇಕು. ಆದರೆ ಮನೆಮಂದಿಯೆಲ್ಲ ವರ್ಷಕ್ಕೊಮ್ಮೆಯಾದರೂ ಹೊರಗೆ ಬಂದು ದಿಕ್ಕು, ತಿಥಿ, ಚಂದ್ರನ ನಡೆಗಳನ್ನು ಗುರುತಿಸಿ ಮಕ್ಕಳಿಗೆ ತೋರಿಸುವ ಈ ರೂಢಿ ಆಕಾಶದ ಪಾಠಶಾಲೆಯೇ ಸರಿ. ಬಿದಿಗೆಯ ಸಂಜೆ ತೆರೆದ ಬಯಲು ಮತ್ತು ಮೋಡವಿಲ್ಲದ ಪಡುವಣ ಇದ್ದರೆ ಸಾಕು, ಯಾವ ಉಪಕರಣವೂ ಇಲ್ಲದೆ ಯಾರು ಬೇಕಾದರೂ ಈ ಚಂದ್ರನನ್ನು ನೋಡಬಹುದು.