ಎರಿಯೊವಿಕ್ಸಿಯಾ

ಎರಿಯೊವಿಕ್ಸಿಯಾ: ಅರೇನಿಡೇ ಕುಟುಂಬಕ್ಕೆ ಸೇರಿದ, ಚಕ್ರಾಕಾರದ ಬಲೆ ನೇಯುವ ಸಣ್ಣ ಜೇಡಗಳ ಒಂದು ಜಾತಿ. 1951ರಲ್ಲಿ ಆರ್ಚರ್ ಎಂಬ ಜೇಡತಜ್ಞ ಇದನ್ನು ಪ್ರತ್ಯೇಕ ಜಾತಿಯಾಗಿ ಗುರುತಿಸಿದ. ಆಫ್ರಿಕದಿಂದ ದಕ್ಷಿಣ ಏಷ್ಯ, ಚೀನ, ನ್ಯೂಗಿನಿವರೆಗೆ 20ಕ್ಕೂ ಹೆಚ್ಚು ಪ್ರಭೇದಗಳಿವೆ. ಭಾರತದಲ್ಲಿ ಜೇಡತಜ್ಞ ಸೈಮನ್ ವರ್ಣಿಸಿದ ಎ. ಲಾಗ್ಲೈಜೈ (1877) ಮತ್ತು ಎ. ಎಕ್ಸೆಲ್ಸಾ (1889) ಹೆಚ್ಚು ಪರಿಚಿತ. ಇವು ಕಾಡಿನಲ್ಲಷ್ಟೇ ಅಲ್ಲದೆ ಭತ್ತದ ಗದ್ದೆಗಳಲ್ಲೂ ಸಿಗುತ್ತವೆ.

ದೇಹರಚನೆ: ಬಹುತೇಕ ಪ್ರಭೇದಗಳ ಉದ್ದ ಒಂದು ಸೆಂಟಿಮೀಟರನ್ನು ಮೀರದು. ಗಂಡು ಹೆಣ್ಣಿಗಿಂತ ಚಿಕ್ಕದು. ತಲೆ ಮತ್ತು ಎದೆ ಒಂದಾಗಿರುವ ಮುಂಭಾಗದ ಮೇಲೆ ರೋಮಗಳಿರುತ್ತವೆ. ಮುಂದೆ ಅಗಲವಾಗಿದ್ದು ಹಿಂದಕ್ಕೆ ಕಿರಿದಾಗುತ್ತ ಹೋಗುವ ಉದರ ಹಲವು ಪ್ರಭೇದಗಳಲ್ಲಿ ಬಾಲದಂತೆ ಚೂಪಾಗಿ ಕೊನೆಗೊಳ್ಳುತ್ತದೆ. ಕಂದು ಮತ್ತು ಬೂದು ಬಣ್ಣದ ಈ ಜೇಡ ಕಾಲುಗಳನ್ನು ಮಡಚಿ ಕಡ್ಡಿಗೆ ಅಂಟಿ ಕುಳಿತರೆ ಮುರುಟಿದ ತರಗೆಲೆಯಂತೆಯೇ ಕಾಣುತ್ತದೆ. ಹಗಲಲ್ಲಿ ಹಕ್ಕಿ, ಕಣಜಗಳ ಕಣ್ಣು ತಪ್ಪಿಸಲು ಇದೇ ಅದಕ್ಕಿರುವ ರಕ್ಷಣೆ.

ಬಲೆ: ಹಲವು ಪ್ರಭೇದಗಳು ನಿಶಾಚರಿಗಳು, ಕತ್ತಲಾದ ಮೇಲೆ ನೇಯ್ಗೆಗೆ ತೊಡಗುತ್ತವೆ. ಮೊದಲು ಗಿಡದ ರೆಂಬೆಗಳ ನಡುವೆ ಚೌಕಟ್ಟಿನ ಎಳೆಗಳು, ಅನಂತರ ನಡುವಿನಿಂದ ಸುತ್ತಲೂ ಹರಡುವ ಅರೆಗಳು. ಇವುಗಳ ಮೇಲೆ ಒಳಗಿನಿಂದ ಹೊರಕ್ಕೆ ಅಂಟಿಲ್ಲದ ತಾತ್ಕಾಲಿಕ ಸುರುಳಿಯೊಂದನ್ನು ಜೇಡ ಹಾಕುತ್ತದೆ. ಬಳಿಕ ಅಂಚಿನಿಂದ ಒಳಕ್ಕೆ ಬರುತ್ತ, ಆ ಸುರುಳಿಯನ್ನು ಕೀಳುತ್ತ, ಅಂಟುಹನಿಗಳಿರುವ ಬೇಟೆಯ ಎಳೆಯನ್ನು ಕೂಡಿಸುತ್ತದೆ. ಅರೆಗಳಿಗೆ ಅಂಟಿರುವುದಿಲ್ಲ. ಸಿಕ್ಕಿಬಿದ್ದ ಕೀಟದ ಒದ್ದಾಟ ಅವುಗಳ ಮೂಲಕವೇ ಜೇಡದ ಕಾಲಿಗೆ ಮುಟ್ಟುತ್ತದೆ. ಹಳೆಯ ಬಲೆಯನ್ನು ತಿಂದು, ಅದರ ಪ್ರೋಟೀನನ್ನು ಹೊಸ ನೂಲಿಗೆ ಬಳಸಿಕೊಳ್ಳುವುದು ಚಕ್ರಬಲೆ ನೇಯುವ ಜೇಡಗಳಲ್ಲಿ ಸಾಮಾನ್ಯ.

ಕರ್ನಾಟಕದ ಪ್ರಭೇದ: ಮಧ್ಯ ಪಶ್ಚಿಮಘಟ್ಟದ ಕಾನು ಎಂಬ ನಿತ್ಯಹರಿದ್ವರ್ಣ ಅರಣ್ಯದಲ್ಲಿ ಸಿಕ್ಕ ಎ. ಗ್ರಿಫಿಂಡೋರಿಯನ್ನು ಜಾವೇದ್ ಅಹ್ಮದ್, ರಾಜಶ್ರೀ ಖಲಪ್ ಮತ್ತು ಸುಮುಖ ಜೆ.ಎನ್. 2016ರಲ್ಲಿ ವರ್ಣಿಸಿದರು. ಉದ್ದ ಸುಮಾರು 7 ಮಿಲಿಮೀಟರ್. ಬಾಗಿದ ತುದಿಯ ಇದರ ಉದರ ಜೆ.ಕೆ. ರೌಲಿಂಗ್ ಅವರ ಹ್ಯಾರಿ ಪಾಟರ್ ಕಾದಂಬರಿಗಳಲ್ಲಿ ಬರುವ ಮಾಂತ್ರಿಕ ಟೋಪಿಯನ್ನು ಹೋಲುವುದರಿಂದ, ಅದರ ಮೂಲ ಒಡೆಯ ಗಾಡ್ರಿಕ್ ಗ್ರಿಫಿಂಡೋರನ ಹೆಸರಿಟ್ಟರು. ಲೇಖಕಿಯೂ ಸಂತಸ ವ್ಯಕ್ತಪಡಿಸಿದ್ದರಿಂದ ಈ ಪುಟ್ಟ ಜೇಡ ಜಗತ್ತಿನಾದ್ಯಂತ ಸುದ್ದಿಯಾಯಿತು.

ನೆಲೆ ಮತ್ತು ಮಹತ್ವ: ಹಾವೇರಿ ಜಿಲ್ಲೆಯ ಹಾನಗಲ್ಲಿಗೆ ಹೊಂದಿಕೊಂಡ ಸೊರಬ, ಶಿರಸಿ ಸೀಮೆ ಕಾನುಗಳಿಗೆ ಹೆಸರುವಾಸಿ. ಊರವರು ದೇವರ ಹೆಸರಿನಲ್ಲಿ ಕಾಪಾಡಿಕೊಂಡು ಬಂದ, ಕಾಳುಮೆಣಸಿನ ಬಳ್ಳಿ ಹಬ್ಬಿದ ಈ ನಿತ್ಯಹರಿದ್ವರ್ಣ ಕಾಡಿನ ತುಣುಕುಗಳು ಒತ್ತುವರಿಯಿಂದ, ನೆಡುತೋಪುಗಳಿಂದ ಕುಗ್ಗಿವೆ. ಎರಿಯೊವಿಕ್ಸಿಯಾ ಮನುಷ್ಯರಿಗೆ ಅಪಾಯಕಾರಿಯಲ್ಲ. ಹಾರುವ ಸಣ್ಣ ಕೀಟಗಳೇ ಅದರ ಆಹಾರ. ಬಲೆ ಕಟ್ಟಲು ಪೊದೆ, ಅಡಗಿ ಕೂರಲು ಒಣ ಕಡ್ಡಿ ಮತ್ತು ತರಗೆಲೆ ಅದಕ್ಕೆ ಬೇಕೇಬೇಕು. ದೊಡ್ಡ ಮರಗಳನ್ನು ಮಾತ್ರ ಉಳಿಸಿ ಅಡಿಗಾಡನ್ನು ಸವರಿದರೆ ಇಂಥ ಜೀವಿಗಳಿಗೆ ನೆಲೆ ತಪ್ಪುತ್ತದೆ. ಆದ್ದರಿಂದ ಕಾನಿನ ರಕ್ಷಣೆಯೆಂದರೆ ಅದರ ಪೊದೆ, ಒಣಕಡ್ಡಿಗಳ ರಕ್ಷಣೆಯೂ ಹೌದು.