ಬಾಣದ ಕಚ್ಚು ಮತ್ತು ಬಿಲ್ಲಿನ ಹೆದೆ: 1545ರ ಒಂದು ಸಾಕ್ಷ್ಯ

ಯುದ್ಧೋಪಕರಣಗಳ ಚರಿತ್ರೆಯನ್ನು ಬರೆಯುವವರು ಬಿಲ್ಲಿನ ಉದ್ದಕ್ಕೂ ಬಾಣದ ಅಲಗಿಗೂ ಕೊಡುವಷ್ಟು ಗಮನವನ್ನು ಬಾಣದ ಬುಡಕ್ಕೆ ಕೊಡುವುದು ವಿರಳ. ಹೆದೆಯನ್ನು ಕೂಡಿಸಲು ಅಲ್ಲಿ ಕೊರೆದ ಸೀಳನ್ನು ನಾವು ಇಲ್ಲಿ ‘ಕಚ್ಚು’ ಎಂದು ಕರೆಯುತ್ತೇವೆ. ನಾಶವಾಗಿಹೋದ ಹೆದೆಗಳ ವಿಷಯದಲ್ಲಿ ಈ ಅಲ್ಪವಾದ ಕಚ್ಚು ಏನನ್ನು ತಿಳಿಸಬಲ್ಲುದೆಂಬುದೇ ಪ್ರಸ್ತುತ ವಿಚಾರ.

ಇಂಗ್ಲೆಂಡಿನ ಅರಸ ಎಂಟನೆಯ ಹೆನ್ರಿಯ ‘ಮೇರಿ ರೋಸ್’ ಎಂಬ ಯುದ್ಧನೌಕೆಯು 1545ರ ಜುಲೈ 19ರಂದು ಪೋರ್ಟ್ಸ್‌ಮತ್ ಬಂದರಿನ ಸಮೀಪದಲ್ಲಿ ಮುಳುಗಿತು. 1982ರಲ್ಲಿ ಅದರ ಅವಶೇಷವನ್ನು ಮೇಲೆತ್ತಲಾಯಿತು. ಆಂಟನಿ ಆಂಟನಿ ಎಂಬ ಅಧಿಕಾರಿಯು 1546ರಲ್ಲಿ ಅರಸನಿಗೆ ಒಪ್ಪಿಸಿದ ನೌಕಾಪಟ್ಟಿಯಲ್ಲಿ ಈ ಹಡಗಿನ ಹೆಸರಿನಲ್ಲಿ 250 ಬಿಲ್ಲುಗಳು, 400 ಕಟ್ಟು ಬಾಣಗಳು ಮತ್ತು ಆರು ಗ್ರೋಸು, ಎಂದರೆ 864 ಹೆದೆಗಳು ನಮೂದಾಗಿವೆ. ಕಟ್ಟೊಂದಕ್ಕೆ 24ರಂತೆ ಎಣಿಸಿದರೆ ಬಾಣಗಳು 9,600 ಆಗುತ್ತವೆ. ಸಮುದ್ರತಳದಿಂದ ನೂರಕ್ಕೂ ಮಿಕ್ಕ ಬಿಲ್ಲುಗಳೂ ಸಾವಿರಾರು ಬಾಣಗಳೂ ದೊರೆತವು. ಹೆದೆಗಳು ಮಾತ್ರ ಉಳಿಯಲಿಲ್ಲ.

ಹೆದೆಗೂ ಕಚ್ಚಿಗೂ ಇರಬೇಕಾದ ಹೊಂದಿಕೆಯನ್ನು ಮೊದಲು ಗ್ರಹಿಸಬೇಕು. ಕಚ್ಚು ಸಡಿಲವಾದರೆ ಎಳೆಯುವಾಗ ಬಾಣವು ಜಾರುತ್ತದೆ. ಬಾಣವಿಲ್ಲದೆ ಹೆದೆ ಚಿಮ್ಮಿದರೆ ಬಿಲ್ಲೇ ಮುರಿಯಬಹುದು. ಬಿಗಿಯಾದರೆ ಬಾಣವು ಹೆದೆಯಿಂದ ಸಲೀಸಾಗಿ ಬಿಡಿಸಿಕೊಳ್ಳದೆ ಗುರಿ ಕೆಡುತ್ತದೆ, ಬುಡವೂ ಸೀಳಬಹುದು. ಹೆದೆಯಿಂದ ತೂಗುಬಿಟ್ಟ ಬಾಣವು ತನ್ನ ಭಾರಕ್ಕೆ ಬೀಳದೆ, ಹೆದೆಯನ್ನು ಮೆಲ್ಲನೆ ತಟ್ಟಿದೊಡನೆ ಕಳಚಿ ಬೀಳಬೇಕೆಂಬುದು ಬಿಲ್ಲುಗಾರರು ಬಳಸುವ ಪರೀಕ್ಷೆ. ಬಿಗಿಯಾದ ಕಚ್ಚನ್ನು ಅರದಿಂದ ತೀಡುವುದು, ಸಡಿಲವಾದಲ್ಲಿ ಹೆದೆಯ ನಡುವೆ ನೂಲು ಸುತ್ತಿ ದಪ್ಪಮಾಡುವುದು ಇದಕ್ಕಿರುವ ಉಪಾಯಗಳು.

ಹಡಗು ಮುಳುಗಿದ ವರ್ಷವೇ ಪ್ರಕಟವಾದ ‘ಟಾಕ್ಸೊಫಿಲಸ್’ ಗ್ರಂಥದಲ್ಲಿ ರೋಜರ್ ಆಸ್ಕಮ್ ಈ ಭೇದಗಳನ್ನು ಬಲ್ಲವನಾಗಿಯೇ ಬರೆದಿದ್ದಾನೆ. ಹೆದೆಯನ್ನು ಭದ್ರವಾಗಿ ಹಿಡಿಯುವುದರಿಂದ ಆಳವಾದ ಉದ್ದ ಕಚ್ಚು ಯುದ್ಧಕ್ಕೆ ಯೋಗ್ಯವೆಂದೂ, ಬಾಣವನ್ನು ಸಲೀಸಾಗಿ ಬಿಡುವುದರಿಂದ ಆಳವಿಲ್ಲದ ದುಂಡು ಕಚ್ಚು ಗುರಿಯಾಟಕ್ಕೆ ಲೇಸೆಂದೂ ಅವನ ಅಭಿಪ್ರಾಯ. ದಪ್ಪ ಹೆದೆ ಬಿಲ್ಲಿಗೆ ಕ್ಷೇಮ, ಆದರೆ ವೇಗ ಕಡಿಮೆ. ತೆಳು ಹೆದೆಯದು ಇದಕ್ಕೆ ವಿಪರೀತವೆಂದೂ ಅವನು ಹೇಳುತ್ತಾನೆ.

ಈಗ ಹಡಗಿನ ಬಾಣಗಳಿಗೆ ಬರೋಣ. ಅವುಗಳ ಕಚ್ಚಿನ ಅಗಲ ಸುಮಾರು 3 ಮಿಲಿಮೀಟರು, ಅಂದರೆ ಅಂಗುಲದ ಎಂಟನೆಯ ಒಂದು ಪಾಲು. ಮರ ಸೀಳದಿರಲೆಂದು ಕಚ್ಚಿಗೆ ಅಡ್ಡಲಾಗಿ ಕೊಂಬಿನ ತೆಳು ಚೂರನ್ನು ಕೂಡಿಸುತ್ತಿದ್ದ ಸೀಳೂ ಕಾಣುತ್ತದೆ. ಅರಸನ ಉಗ್ರಾಣದಿಂದ ಕಟ್ಟುಕಟ್ಟಾಗಿ ಬಂದ ಬಾಣಗಳನ್ನು ಯುದ್ಧಕಾಲದಲ್ಲಿ ಒಂದೊಂದಾಗಿ ತೀಡುವುದು ಆಗದ ಮಾತು. ಆದುದರಿಂದ ಯೋಧನು ಹೆದೆಯನ್ನೇ ಕಚ್ಚಿಗೆ ಹೊಂದಿಸಿಕೊಂಡಿರಬೇಕೆಂದು ನಾವು ಊಹಿಸುತ್ತೇವೆ. ಹಾಗಾದಲ್ಲಿ ಸುತ್ತಿದ ನೂಲೂ ಸೇರಿ ಹೆದೆಯ ದಪ್ಪ ಆ ಅಳತೆಯನ್ನು ಮೀರುವಂತಿಲ್ಲ. ಬರಿಯ ಹೆದೆ ಇನ್ನೂ ತೆಳುವಾಗಿತ್ತು.

ಈ ಬಿಲ್ಲುಗಳ ಸೆಳೆತವನ್ನು ವಿದ್ವಾಂಸರು 100ರಿಂದ 185 ಪೌಂಡುಗಳವರೆಗೆ ಅಂದಾಜು ಮಾಡಿದ್ದಾರೆ. ಅಷ್ಟು ತೆಳುವಾದ ಹೆದೆ ಇಷ್ಟು ಬಲವನ್ನು ತಾಳಿತೆ ಎಂಬುದೇ ಇಲ್ಲಿನ ವಿವಾದ. ತಾಳಿತೆಂದರೆ, ಸೆಣಬು, ಅಗಸೆನಾರು ಅಥವಾ ರೇಷ್ಮೆಯನ್ನು ಹೊಸೆದ ಅಂದಿನ ಹೆದೆಗಾರರ ಕೌಶಲವು ನಾವು ಎಣಿಸಿದ್ದಕ್ಕಿಂತ ಹಿರಿದು. ಇಲ್ಲವೆಂದರೆ ಬಿಲ್ಲುಗಳ ಬಲದ ಅಂದಾಜನ್ನೇ ತಗ್ಗಿಸಬೇಕು. ನೀರಿನಲ್ಲಿ ಉಬ್ಬಿ ಒಣಗಿದಾಗ ಕುಗ್ಗುವ ಮರದ ಅಳತೆಯನ್ನು ಅಂತಿಮವೆನ್ನಲಾಗದು. ಆದರೂ ಬಿಲ್ಲಿನ ಬಲವನ್ನು ಬಿಲ್ಲಿನಿಂದಲೇ ನಿರ್ಣಯಿಸುವ ಪದ್ಧತಿ ಸಾಲದೆಂಬುದು ಸ್ಪಷ್ಟ. ಬಿಲ್ಲು, ಹೆದೆ, ಬಾಣಗಳನ್ನು ಒಂದೇ ಯಂತ್ರದ ಅಂಗಗಳೆಂದು ಭಾವಿಸಿ, ಕಳೆದುಹೋದ ಅಂಗವನ್ನು ಉಳಿದವುಗಳ ಹೊಂದಿಕೆಯಿಂದ ಅಳೆಯುವುದೇ ಯುಕ್ತಮಾರ್ಗವೆಂದು ನಾವು ಭಾವಿಸುತ್ತೇವೆ.